ಬಿಸಿಲಿಗೆ ನಡುರಸ್ತೆಯಲ್ಲೇ ಕೈಕೊಡುವ ಹಳೇ ಕಾರು: ಕಾರ್ಬ್ಯುರೇಟರ್ ಕಾರಿನ 'ವೇಪರ್ ಲಾಕ್' ತಡೆಯುವುದು ಹೇಗೆ? ಇಲ್ಲಿದೆ ಪೂರ್ಣ ಮಾಹಿತಿ

ಹೈದರಾಬಾದ್: ಏಪ್ರಿಲ್, ಮೇ ಬಂತೆಂದರೆ ಹೈದರಾಬಾದ್‌ನಲ್ಲಿ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಹೊಸದೇನಲ್ಲ. ಮಧ್ಯಾಹ್ನ ಒಂದರ ಬಿಸಿಲಿನಲ್ಲಿ ನಾರಾಯಣಗೂಡದ ವೈಎಂಸಿಎ ವೃತ್ತ ದಾಟಿ ಹಿಮಾಯತ್‌ನಗರದ ಕಡೆಗೋ, ಕಾಚಿಗೂಡದ ಕಡೆಗೋ ಹೋಗುವ ವಾಹನಗಳು ಆಮೆ ವೇಗದಲ್ಲಿ ತೆವಳುತ್ತವೆ. ಹೊಸ ಕಾರಿನವರು ಎಸಿ ಹಾಕಿಕೊಂಡು ಸುಮ್ಮನೆ ಕೂರುತ್ತಾರೆ. ಆದರೆ ಹಳೇ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಅಥವಾ ಮೊದಲ ತಲೆಮಾರಿನ ಮಾರುತಿ 800 ಇಟ್ಟುಕೊಂಡವರ ಕಣ್ಣು ಮಾತ್ರ ಟೆಂಪರೇಚರ್ ಮೀಟರ್ ಮೇಲೆಯೇ ಇರುತ್ತದೆ. ಎಂಜಿನ್ ಒಮ್ಮೆ ಜರ್ಕ್ ಹೊಡೆದು ನಿಂತರೆ ಮುಗಿಯಿತು, ಎಷ್ಟು ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗುವುದಿಲ್ಲ. ಅರ್ಧ ಗಂಟೆ ಬಿಟ್ಟು ನೋಡಿದರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ!

ಮೆಕ್ಯಾನಿಕ್‌ಗಳು ಇದನ್ನು 'ಏರ್ ಲಾಕ್' ಎಂದೋ, 'ಗಾಡಿ ಬಿಸಿಯಾಗಿದೆ' ಎಂದೋ ಹೇಳುವುದುಂಟು. ಇದರ ಸರಿಯಾದ ಹೆಸರು 'ವೇಪರ್ ಲಾಕ್'. ಪೆಟ್ರೋಲ್ ಪೈಪಿನೊಳಗೆ ಆವಿ ಕಟ್ಟಿಕೊಂಡು ಇಂಧನದ ಹರಿವು ನಿಲ್ಲುವುದು ಎಂದರ್ಥ. ಬಿಸಿಯಿಂದ ಬರುವ ತೊಂದರೆ ಇದೊಂದೇ ಅಲ್ಲ. ಇದೇ ಲಕ್ಷಣ ತೋರಿಸುವ ಬೇರೆ ಕಾಯಿಲೆಗಳೂ ಇವೆ. ಯಾವುದು ಯಾವುದೆಂದು ತಿಳಿಯದೆ ಪಂಪ್, ಕಾಯಿಲ್, ಕಾರ್ಬ್ಯುರೇಟರ್ ಎಲ್ಲವನ್ನೂ ಬದಲಿಸಿ ಹಣ ಕಳೆದುಕೊಳ್ಳುವವರೇ ಹೆಚ್ಚು. ಅಷ್ಟೇ ಅಲ್ಲ, ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸೋರಿದರೆ ಬೆಂಕಿಯ ಅಪಾಯವೂ ಇದೆ. ಹಾಗಾಗಿ ಕಾರಣ, ಲಕ್ಷಣ ಮತ್ತು ಪರಿಹಾರವನ್ನು ಒಂದೊಂದಾಗಿ ನೋಡೋಣ.

ಯಾವ ಕಾರುಗಳಿಗೆ ಈ ಸಮಸ್ಯೆ?

ಹಿಂದೂಸ್ತಾನ್ ಮೋಟಾರ್ಸ್‌ನ ಅಂಬಾಸಿಡರ್, ಪ್ರೀಮಿಯರ್ ಆಟೋಮೊಬೈಲ್ಸ್‌ನ ಪದ್ಮಿನಿ, ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್, 1983ರ ಡಿಸೆಂಬರ್‌ನಲ್ಲಿ ಬಂದ ಮಾರುತಿ 800, ಬಳಿಕ ಬಂದ ಓಮ್ನಿ, ಜಿಪ್ಸಿ ಮತ್ತು ಮೊದಲ ಝೆನ್ ಎಲ್ಲವೂ ಕಾರ್ಬ್ಯುರೇಟರ್ ಕಾರುಗಳೇ. 2000ದ ಆಸುಪಾಸಿನಲ್ಲಿ ಮಾಲಿನ್ಯ ನಿಯಮ ಬಿಗಿಯಾದಂತೆ ಪೆಟ್ರೋಲ್ ಕಾರುಗಳು ಫ್ಯೂಯೆಲ್ ಇಂಜೆಕ್ಷನ್‌ಗೆ, ಅಂದರೆ ಎಂಪಿಎಫ್‌ಐಗೆ ಬದಲಾದವು. ದ್ವಿಚಕ್ರ ವಾಹನಗಳಲ್ಲಿ 2020ರ ಏಪ್ರಿಲ್‌ನಲ್ಲಿ ಬಿಎಸ್-6 ಜಾರಿಯಾಗುವವರೆಗೂ ಕಾರ್ಬ್ಯುರೇಟರ್ ಇತ್ತು. ಆದರೆ ಹೆಚ್ಚಿನ ಬೈಕುಗಳಲ್ಲಿ ಟ್ಯಾಂಕ್ ಮೇಲೆ, ಕಾರ್ಬ್ಯುರೇಟರ್ ಕೆಳಗೆ ಇರುವುದರಿಂದ ಪೆಟ್ರೋಲ್ ತಾನಾಗಿಯೇ ಇಳಿದು ಬರುತ್ತದೆ. ಹೀಗಾಗಿ ಅಲ್ಲಿ ಈ ತೊಂದರೆ ಕಡಿಮೆ.

ಹೈದರಾಬಾದ್‌ಗೆ ಹಳೇ ಕಾರುಗಳ ನಂಟು ದೊಡ್ಡದು. ನಾರಾಯಣಗೂಡದ ಪಕ್ಕದಲ್ಲೇ ಇರುವ ಕಿಂಗ್ ಕೋಠಿ ಏಳನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಅವರ ನಿವಾಸವಾಗಿತ್ತು. ನಿಜಾಮರ ಕಾಲದ ರೋಲ್ಸ್ ರಾಯ್ಸ್ ಕಾರನ್ನು ಚೌಮಹಲ್ಲಾ ಅರಮನೆಯಲ್ಲಿ ಈಗಲೂ ನೋಡಬಹುದು. 1956ಕ್ಕೆ ಮೊದಲು ಬೀದರ್, ಕಲಬುರಗಿ, ರಾಯಚೂರು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಹಾಗಾಗಿ ಕಾಚಿಗೂಡ, ನಾರಾಯಣಗೂಡ ಸುತ್ತಮುತ್ತ ಕನ್ನಡ ಕುಟುಂಬಗಳು ಹಿಂದಿನಿಂದಲೂ ನೆಲೆಸಿವೆ. ಬೇಸಿಗೆ ರಜೆಗೆ ಊರಿಗೆ ಹೊರಟ ಅಪ್ಪನ ಕಾಲದ ಕಾರು ಜಹೀರಾಬಾದ್ ದಾಟುವ ಮೊದಲೇ ಕೈಕೊಡಬಾರದು ಎನ್ನುವವರಿಗೆ ಈ ಮಾಹಿತಿ ಉಪಯೋಗಕ್ಕೆ ಬರುತ್ತದೆ. ಬೆಂಗಳೂರು, ಬಳ್ಳಾರಿ, ವಿಜಯಪುರದವರಿಗೂ ಇದೇ ಅನ್ವಯ.

ವೇಪರ್ ಲಾಕ್ ಆಗುವುದು ಏಕೆ?

ನೀರಿನಂತೆ ಪೆಟ್ರೋಲ್‌ಗೆ ಒಂದೇ ಕುದಿಬಿಂದು ಇಲ್ಲ. ಅದು ನೂರಾರು ಹೈಡ್ರೋಕಾರ್ಬನ್‌ಗಳ ಮಿಶ್ರಣ. ಅದರಲ್ಲಿನ ಹಗುರ ಅಂಶಗಳು ಸುಮಾರು 35 ಡಿಗ್ರಿಯಲ್ಲೇ ಕುದಿಯಲು ಶುರುವಾಗುತ್ತವೆ, ಭಾರದ ಅಂಶಗಳು ಪೂರ್ತಿ ಆವಿಯಾಗಲು 200 ಡಿಗ್ರಿ ಸಮೀಪಿಸಬೇಕು. ಚಳಿಗಾಲದ ಮುಂಜಾನೆ ಎಂಜಿನ್ ಬೇಗ ಸ್ಟಾರ್ಟ್ ಆಗಬೇಕಾದರೆ ಈ ಹಗುರ ಅಂಶಗಳು ಬೇಕೇಬೇಕು. ಬೇಸಿಗೆಯಲ್ಲಿ ಇವೇ ಕಾಟ ಕೊಡುತ್ತವೆ.

ಹಳೇ ಕಾರಿನಲ್ಲಿ ಪೆಟ್ರೋಲ್ ಟ್ಯಾಂಕ್ ಹಿಂದೆ ಇರುತ್ತದೆ, ಪಂಪ್ ಎಂಜಿನ್‌ಗೇ ಅಂಟಿಕೊಂಡಿರುತ್ತದೆ. ಕ್ಯಾಮ್‌ಶಾಫ್ಟ್ ಈ ಪಂಪಿನ ತೋಳನ್ನು ಒತ್ತಿದಾಗ ಒಳಗಿನ ಡಯಾಫ್ರಾಮ್ ಮೇಲೆ ಕೆಳಗೆ ಆಡಿ, ಟ್ಯಾಂಕಿನಿಂದ ಪೆಟ್ರೋಲ್ ಹೀರಿಕೊಳ್ಳುತ್ತದೆ. ಹೀರುವಾಗ ಪೈಪಿನೊಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಕಡಿಮೆಯಾಗುತ್ತದೆ. ಒತ್ತಡ ಇಳಿದರೆ ಕುದಿಬಿಂದುವೂ ಇಳಿಯುತ್ತದೆ. ಅದೇ ಹೊತ್ತಿಗೆ ಎಂಜಿನ್ ಬಿಸಿಯಿಂದ ಪಂಪ್, ಪೈಪ್ ಎರಡೂ ಕಾದಿರುತ್ತವೆ. ಆಗ ಪೆಟ್ರೋಲ್ ಪೈಪಿನಲ್ಲೇ ಕುದಿದು ಗುಳ್ಳೆಯಾಗುತ್ತದೆ. ದ್ರವವನ್ನು ತಳ್ಳಲು ಮಾಡಿದ ಪಂಪ್ ಆವಿಯನ್ನು ತಳ್ಳಲಾರದು. ಡಯಾಫ್ರಾಮ್ ಆಡುತ್ತಲೇ ಇರುತ್ತದೆ, ಗುಳ್ಳೆ ಹಿಗ್ಗುತ್ತಾ ಕುಗ್ಗುತ್ತಾ ಇರುತ್ತದೆ, ಕಾರ್ಬ್ಯುರೇಟರ್‌ಗೆ ಮಾತ್ರ ಪೆಟ್ರೋಲ್ ಮುಟ್ಟುವುದಿಲ್ಲ.

ಇಂಜೆಕ್ಷನ್ ಕಾರುಗಳಲ್ಲಿ ಪಂಪ್ ಟ್ಯಾಂಕಿನೊಳಗೇ ಮುಳುಗಿರುತ್ತದೆ ಮತ್ತು ಸುಮಾರು 3 ಬಾರ್ ಒತ್ತಡದಲ್ಲಿ ಇಂಧನವನ್ನು ಮುಂದಕ್ಕೆ ತಳ್ಳುತ್ತದೆ. ಒತ್ತಡ ಹೆಚ್ಚಿದ್ದಾಗ ಕುದಿಬಿಂದು ಏರುವುದರಿಂದ ಅಲ್ಲಿ ಈ ಸಮಸ್ಯೆ ಅಪರೂಪ. ಹಳೇ ಕಾರಿನ ಪಂಪ್ ಕೊಡುವ ಒತ್ತಡ ಇದರ ಹತ್ತನೇ ಒಂದು ಭಾಗದಷ್ಟು ಮಾತ್ರ.

ಎತ್ತರವೂ ಒಂದು ಕಾರಣ. ಸಮುದ್ರಮಟ್ಟದಿಂದ ಸುಮಾರು 540 ಮೀಟರ್ ಎತ್ತರದ ಹೈದರಾಬಾದ್‌ನಲ್ಲಿ ನೀರು ಸುಮಾರು 98 ಡಿಗ್ರಿಗೆ, 900 ಮೀಟರ್ ದಾಟಿದ ಬೆಂಗಳೂರಿನಲ್ಲಿ ಸುಮಾರು 97 ಡಿಗ್ರಿಗೆ ಕುದಿಯುತ್ತದೆ. ಪೆಟ್ರೋಲ್‌ಗೂ ಇದೇ ಲೆಕ್ಕ. ಶ್ರೀಶೈಲದ ಘಾಟಿಯಲ್ಲೋ, ಚಾರ್ಮಾಡಿ, ಶಿರಾಡಿಯಲ್ಲೋ ಎರಡನೇ ಗೇರಿನಲ್ಲಿ ಏರುವಾಗ ಎಂಜಿನ್ ಬಿಸಿ ಹೆಚ್ಚು, ಗಾಳಿಯ ಹರಿವು ಕಡಿಮೆ, ಮೇಲೆ ಹೋದಂತೆ ಒತ್ತಡವೂ ಕಡಿಮೆ. ಮೂರೂ ಒಟ್ಟಿಗೆ ಸೇರುತ್ತವೆ.

ನಿಲ್ಲಿಸಿದ ಮೇಲೆ ಬಿಸಿ ಏರುವುದು ಹೇಗೆ?

ಓಡುತ್ತಿರುವ ಕಾರಿಗಿಂತ ಆಗಷ್ಟೇ ಆಫ್ ಮಾಡಿದ ಕಾರಿನ ಬಾನೆಟ್ ಒಳಗೆ ಬಿಸಿ ಹೆಚ್ಚು. ಇದು ಹಲವರಿಗೆ ಗೊತ್ತಿಲ್ಲದ ಸಂಗತಿ. ಎಂಜಿನ್ ಆಫ್ ಆದೊಡನೆ ಫ್ಯಾನ್ ನಿಲ್ಲುತ್ತದೆ, ವಾಟರ್ ಪಂಪ್ ನಿಲ್ಲುತ್ತದೆ, ಹೊಸ ಪೆಟ್ರೋಲ್ ಬಂದು ಕಾರ್ಬ್ಯುರೇಟರ್ ತಂಪು ಮಾಡುವುದೂ ನಿಲ್ಲುತ್ತದೆ. ಎಂಜಿನ್ ಬ್ಲಾಕ್ ಮತ್ತು ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನಲ್ಲಿರುವ ಬಿಸಿ ನಿಧಾನವಾಗಿ ಮೇಲೇರಿ ಕಾರ್ಬ್ಯುರೇಟರ್ ಸೇರುತ್ತದೆ. ಮೊದಲ 15-20 ನಿಮಿಷ ಈ ಬಿಸಿ ಏರುತ್ತಲೇ ಇರುತ್ತದೆ.

ಅಂಬಾಸಿಡರ್‌ನ ಹಳೇ 1489 ಸಿಸಿ ಎಂಜಿನ್‌ನಲ್ಲಿ ಇದು ಇನ್ನಷ್ಟು ತೀವ್ರ. ಅದರಲ್ಲಿ ಇನ್‌ಟೇಕ್ ಮತ್ತು ಎಕ್ಸಾಸ್ಟ್ ಮ್ಯಾನಿಫೋಲ್ಡ್ ಎಂಜಿನ್‌ನ ಒಂದೇ ಬದಿಯಲ್ಲಿವೆ, ಕಾರ್ಬ್ಯುರೇಟರ್ ಆ ಬಿಸಿಯ ಮೇಲೆಯೇ ಕೂತಿರುತ್ತದೆ. ಅಂಗಡಿಗೆ ಹೋಗಿ ಹತ್ತು ನಿಮಿಷದಲ್ಲಿ ವಾಪಸ್ ಬಂದರೆ ಕಾರು ಸ್ಟಾರ್ಟ್ ಆಗದೆ ಸತಾಯಿಸಲು ಇದೇ ಕಾರಣ. ಫ್ಲೋಟ್ ಬೌಲ್‌ನಲ್ಲಿರುವ ಪೆಟ್ರೋಲ್ ಕುದಿದು ಉಕ್ಕಿ ಮ್ಯಾನಿಫೋಲ್ಡ್‌ಗೆ ಇಳಿಯುತ್ತದೆ. ಇದನ್ನು 'ಪರ್ಕೊಲೇಶನ್' ಎನ್ನುತ್ತಾರೆ. ವೇಪರ್ ಲಾಕ್‌ನಲ್ಲಿ ಎಂಜಿನ್‌ಗೆ ಪೆಟ್ರೋಲ್ ಸಿಗುವುದಿಲ್ಲ, ಪರ್ಕೊಲೇಶನ್‌ನಲ್ಲಿ ಅತಿಯಾಗಿ ಸಿಗುತ್ತದೆ. ಎರಡಕ್ಕೂ ಪರಿಹಾರ ಬೇರೆ ಬೇರೆ.

ಯಾವ ಸಮಸ್ಯೆ? ಲಕ್ಷಣದಿಂದ ಗುರುತಿಸಿ

* ವೇಪರ್ ಲಾಕ್: ಓಡುತ್ತಿರುವಾಗಲೇ, ಹೆಚ್ಚಾಗಿ ಟ್ರಾಫಿಕ್ ಅಥವಾ ಏರುದಾರಿಯಲ್ಲಿ ಎಂಜಿನ್ ಜರ್ಕ್ ಹೊಡೆದು ಶಕ್ತಿ ಕಳೆದುಕೊಂಡು ನಿಲ್ಲುತ್ತದೆ. ಪೆಟ್ರೋಲ್ ವಾಸನೆ ಅಷ್ಟಾಗಿ ಇರುವುದಿಲ್ಲ. ತಣ್ಣಗಾದ ಮೇಲೆ ಸ್ಟಾರ್ಟ್ ಆಗುತ್ತದೆ.

* ಪರ್ಕೊಲೇಶನ್: ಬಿಸಿ ಕಾರನ್ನು ನಿಲ್ಲಿಸಿ 10ರಿಂದ 30 ನಿಮಿಷದ ನಂತರ ಸ್ಟಾರ್ಟ್ ಮಾಡುವಾಗ ತೊಂದರೆ. ಪೆಟ್ರೋಲ್ ವಾಸನೆ ಗಾಢವಾಗಿರುತ್ತದೆ. ಸ್ಟಾರ್ಟ್ ಆದಾಗ ಸೈಲೆನ್ಸರ್‌ನಲ್ಲಿ ಕಪ್ಪು ಹೊಗೆ ಬರುತ್ತದೆ.

* ಬೌಲ್ ಒಣಗುವುದು: ಬಿಸಿಲಿನಲ್ಲಿ ಒಂದೆರಡು ದಿನ ನಿಂತ ಕಾರು ಬೆಳಿಗ್ಗೆ ಬಹಳ ಹೊತ್ತು ಸೆಲ್ಫ್ ಹೊಡೆದ ಮೇಲಷ್ಟೇ ಸ್ಟಾರ್ಟ್ ಆಗುತ್ತದೆ. ಬೌಲ್‌ನ ಪೆಟ್ರೋಲ್ ಆವಿಯಾಗಿ ಹೋಗಿರುತ್ತದೆ. ಪಂಪ್ ಮತ್ತೆ ತುಂಬಿಸಿದೊಡನೆ ಸರಿಹೋಗುತ್ತದೆ.

* ಟ್ಯಾಂಕ್ ಮುಚ್ಚಳದ ರಂಧ್ರ ಕಟ್ಟಿರುವುದು: ಕಾರು ನಿಂತಾಗ ಟ್ಯಾಂಕ್ ಮುಚ್ಚಳ ತೆಗೆದರೆ 'ಸುಯ್' ಎಂದು ಗಾಳಿ ಒಳಗೆ ನುಗ್ಗುವ ಸದ್ದು ಬರುತ್ತದೆ. ಕೂಡಲೇ ಕಾರು ಸ್ಟಾರ್ಟ್ ಆದರೆ ಅದು ಬಿಸಿಯ ತೊಂದರೆಯಲ್ಲ, ಟ್ಯಾಂಕಿಗೆ ಉಸಿರಾಟವಿಲ್ಲ ಎಂದರ್ಥ.

* ಇಗ್ನಿಷನ್ ಕಾಯಿಲ್ ಅಥವಾ ಕಂಡೆನ್ಸರ್: ಇವು ಕೂಡ ಬಿಸಿಯಾದಾಗ ಕೈಕೊಟ್ಟು ತಣ್ಣಗಾದಾಗ ಸರಿಹೋಗುತ್ತವೆ. ವೇಪರ್ ಲಾಕ್ ಎಂದು ತಪ್ಪಾಗಿ ತಿಳಿಯುವುದು ಇಲ್ಲಿಯೇ. ಎಂಜಿನ್ ಜರ್ಕ್ ಹೊಡೆಯದೆ ಸ್ವಿಚ್ ಆಫ್ ಮಾಡಿದಂತೆ ತಟ್ಟನೆ ನಿಂತರೆ ಮೊದಲು ಇದನ್ನು ಅನುಮಾನಿಸಿ.

ಒಂದು ಸುಲಭ ಪರೀಕ್ಷೆಯೂ ಇದೆ. ಎಂಜಿನ್ ಆಫ್ ಮಾಡಿ, ಏರ್ ಕ್ಲೀನರ್ ತೆಗೆದು, ಟಾರ್ಚ್ ಬೆಳಕಿನಲ್ಲಿ ಕಾರ್ಬ್ಯುರೇಟರ್ ಬಾಯೊಳಗೆ ನೋಡಿ. ಇನ್ನೊಬ್ಬರು ಆಕ್ಸಿಲರೇಟರ್ ಒಮ್ಮೆ ಒತ್ತಲಿ. ಪೆಟ್ರೋಲ್ ಪಿಚಕಾರಿಯಂತೆ ಚಿಮ್ಮಿದರೆ ಬೌಲ್‌ನಲ್ಲಿ ಇಂಧನ ಇದೆ, ತೊಂದರೆ ಇಗ್ನಿಷನ್‌ನದ್ದು ಅಥವಾ ಪರ್ಕೊಲೇಶನ್‌ನದ್ದು. ಚಿಮ್ಮದಿದ್ದರೆ ಬೌಲ್ ಖಾಲಿ. ಆಗ ವೇಪರ್ ಲಾಕ್, ಪಂಪ್ ಅಥವಾ ಫಿಲ್ಟರ್ ಕಡೆ ಗಮನ ಕೊಡಿ. ಈ ಪರೀಕ್ಷೆಯ ವೇಳೆ ಹತ್ತಿರದಲ್ಲಿ ಬೀಡಿ, ಸಿಗರೇಟ್, ಬೆಂಕಿಕಡ್ಡಿ ಬೇಡವೇ ಬೇಡ. ಮುಖವನ್ನು ಕಾರ್ಬ್ಯುರೇಟರ್‌ಗೆ ತೀರಾ ಹತ್ತಿರ ಒಯ್ಯಬೇಡಿ. ಎಸ್‌ಯು ಮಾದರಿಯ ಕಾರ್ಬ್ಯುರೇಟರ್‌ಗಳಲ್ಲಿ ಹೀಗೆ ಚಿಮ್ಮಿಸುವ ವ್ಯವಸ್ಥೆ ಇಲ್ಲವಾದ್ದರಿಂದ ಅವುಗಳಿಗೆ ಈ ಪರೀಕ್ಷೆ ಅನ್ವಯಿಸುವುದಿಲ್ಲ.

ಪ್ಲಾಸ್ಟಿಕ್ ಫಿಲ್ಟರ್‌ನಲ್ಲಿ ಗುಳ್ಳೆ ಕಂಡಿತು, ಅರ್ಧ ಖಾಲಿ ಇದೆ ಎಂದಷ್ಟಕ್ಕೇ ವೇಪರ್ ಲಾಕ್ ಎಂದು ತೀರ್ಮಾನಿಸಬೇಡಿ. ಚೆನ್ನಾಗಿ ಓಡುವ ಕಾರಿನಲ್ಲೂ ಹಾಗೆ ಕಾಣುವುದು ಸಾಮಾನ್ಯ.

ನಡುರಸ್ತೆಯಲ್ಲಿ ನಿಂತರೆ ತಕ್ಷಣ ಏನು ಮಾಡಬೇಕು?

ಮೊದಲು ಸುರಕ್ಷತೆ. ಹಜಾರ್ಡ್ ಲೈಟ್ ಹಾಕಿ, ಕಾರನ್ನು ನ್ಯೂಟ್ರಲ್‌ಗೆ ತಂದು ರಸ್ತೆ ಬದಿಗೆ ತಳ್ಳಿಸಿ. ಫ್ಲೈಓವರ್ ಮೇಲೆ ನಿಂತಿದ್ದರೆ ಪ್ರಯಾಣಿಕರನ್ನು ಇಳಿಸಿ ಸುರಕ್ಷಿತ ಬದಿಯಲ್ಲಿ ನಿಲ್ಲಿಸಿ. ಮಕ್ಕಳು, ವಯಸ್ಸಾದವರು ಇದ್ದರೆ ನೆರಳಿಗೆ ಕಳುಹಿಸಿ, ಕುಡಿಯಲು ನೀರು ಕೊಡಿ.

1. ಬಾನೆಟ್ ತೆರೆಯಿರಿ. ಪೆಟ್ರೋಲ್ ಸೋರಿಕೆ ಇದೆಯೇ ನೋಡಿ. ಸೋರುತ್ತಿದ್ದರೆ ಸೆಲ್ಫ್ ಹೊಡೆಯಲೇಬೇಡಿ, ದೂರ ಸರಿಯಿರಿ.

2. ಸೋರಿಕೆ ಇಲ್ಲದಿದ್ದರೆ 20-30 ನಿಮಿಷ ತಣ್ಣಗಾಗಲು ಬಿಡಿ. ಆತುರದಲ್ಲಿ ಸೆಲ್ಫ್ ಹೊಡೆಯುತ್ತಾ ಹೋದರೆ ಬ್ಯಾಟರಿ ಇಳಿಯುತ್ತದೆ, ಸ್ಟಾರ್ಟರ್ ಮೋಟಾರ್ ಕೂಡ ಹಾಳಾಗುತ್ತದೆ.

3. ವೇಪರ್ ಲಾಕ್ ಎಂದು ಖಚಿತವಾದರೆ ಒದ್ದೆ ಬಟ್ಟೆಯನ್ನು ಹಿಂಡಿ ಪೆಟ್ರೋಲ್ ಪಂಪ್ ಮತ್ತು ಪಂಪ್‌ನಿಂದ ಕಾರ್ಬ್ಯುರೇಟರ್‌ಗೆ ಹೋಗುವ ಪೈಪ್ ಮೇಲೆ ಸುತ್ತಿ. ಹಳೇ ಟ್ಯಾಕ್ಸಿ ಚಾಲಕರ ಈ ಉಪಾಯಕ್ಕೆ ಆಧಾರವಿದೆ: ನೀರು ಆವಿಯಾಗುವಾಗ ಲೋಹದ ಬಿಸಿಯನ್ನು ಎಳೆದುಕೊಳ್ಳುತ್ತದೆ. ಒಳಗಿನ ಗುಳ್ಳೆ ಮತ್ತೆ ದ್ರವವಾಗುತ್ತದೆ. ಬಟ್ಟೆ ಡಿಸ್ಟ್ರಿಬ್ಯೂಟರ್, ಫ್ಯಾನ್ ಬೆಲ್ಟ್ ಅಥವಾ ಎಕ್ಸಾಸ್ಟ್‌ಗೆ ತಾಗಬಾರದು. ಹೊರಡುವ ಮೊದಲು ಬಟ್ಟೆ ತೆಗೆಯಿರಿ.

4. ಪೆಟ್ರೋಲ್ ವಾಸನೆ ಗಾಢವಾಗಿದ್ದರೆ ಅದು ಪರ್ಕೊಲೇಶನ್. ಚೋಕ್ ಎಳೆಯಬೇಡಿ. ಆಕ್ಸಿಲರೇಟರ್ ಪದೇ ಪದೇ ತುಳಿಯಬೇಡಿ, ಪ್ರತಿ ಸಲವೂ ಇನ್ನಷ್ಟು ಪೆಟ್ರೋಲ್ ಒಳಗೆ ಹೋಗುತ್ತದೆ. ಪೆಡಲನ್ನು ನಿಧಾನವಾಗಿ ಪೂರ್ತಿ ಒತ್ತಿ ಹಿಡಿದು, 8-10 ಸೆಕೆಂಡ್ ಸೆಲ್ಫ್ ಹೊಡೆಯಿರಿ. ಗಾಳಿ ಹೆಚ್ಚು ಹೋಗಿ ಹೆಚ್ಚುವರಿ ಪೆಟ್ರೋಲ್ ಹೊರಬೀಳುತ್ತದೆ. ಸ್ಟಾರ್ಟ್ ಆದ ತಕ್ಷಣ ಪೆಡಲ್ ಬಿಡಿ. ಆಗದಿದ್ದರೆ ಅರ್ಧ ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಿ.

ಹೀಗೆ ಮಾತ್ರ ಮಾಡಬೇಡಿ

ಬಿಸಿ ಎಂಜಿನ್ ಮೇಲೆ ಬಕೆಟ್ ನೀರು ಸುರಿಯುವುದು ದೊಡ್ಡ ತಪ್ಪು. ಕಾದ ಎರಕದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಮ್ಯಾನಿಫೋಲ್ಡ್ ಬಿರುಕು ಬಿಡಬಹುದು, ಡಿಸ್ಟ್ರಿಬ್ಯೂಟರ್‌ಗೆ ನೀರು ಹೋದರೆ ಕಿಡಿ ನಿಲ್ಲುತ್ತದೆ. ರೇಡಿಯೇಟರ್ ಮುಚ್ಚಳವನ್ನು ಬಿಸಿಯಿರುವಾಗ ತೆರೆದರೆ ಕುದಿಯುವ ನೀರು ಮುಖಕ್ಕೇ ಚಿಮ್ಮುತ್ತದೆ.

ಬಾಟಲಿಯಿಂದ ಕಾರ್ಬ್ಯುರೇಟರ್ ಬಾಯಿಗೆ ಪೆಟ್ರೋಲ್ ಸುರಿದು ಸ್ಟಾರ್ಟ್ ಮಾಡುವ ಅಭ್ಯಾಸ ಇನ್ನೂ ಕೆಲವೆಡೆ ಇದೆ. ಎಂಜಿನ್ ಬ್ಯಾಕ್‌ಫೈರ್ ಆದರೆ ಜ್ವಾಲೆ ಅದೇ ಬಾಯಿಂದ ಮೇಲೆ ಬರುತ್ತದೆ, ಕೈಯಲ್ಲಿರುವ ಬಾಟಲಿಗೂ ಹೊತ್ತಿಕೊಳ್ಳುತ್ತದೆ. ಇದನ್ನು ಯಾವ ಮೆಕ್ಯಾನಿಕ್ ಮಾಡಿದರೂ ತಡೆಯಿರಿ. ಪೆಟ್ರೋಲ್‌ಗೆ ಸೀಮೆಎಣ್ಣೆ ಅಥವಾ ಡೀಸೆಲ್ ಬೆರೆಸಿದರೆ ಆವಿಯಾಗುವುದು ಕಡಿಮೆಯಾಗುತ್ತದೆ ಎಂಬ ಮಾತನ್ನೂ ನಂಬಬೇಡಿ. ಎಂಜಿನ್ ನಾಕಿಂಗ್ ಶುರುವಾಗಿ ಪಿಸ್ಟನ್‌ಗೇ ಪೆಟ್ಟು ಬೀಳುತ್ತದೆ.

ಬರದಂತೆ ತಡೆಯುವುದು ಹೇಗೆ? ಮೊದಲು ಎಂಜಿನ್ ತಂಪಾಗಿರಲಿ

ಪೆಟ್ರೋಲ್ ಪೈಪಿಗೆ ಕೈಹಾಕುವ ಮೊದಲು ಎಂಜಿನ್ ಯಾಕೆ ಅಷ್ಟು ಬಿಸಿಯಾಗುತ್ತಿದೆ ಎಂದು ನೋಡಬೇಕು. ಈ ಕಾರುಗಳು ಹೊಸದಾಗಿದ್ದಾಗಲೂ ಇದೇ ದೇಶದ ಬೇಸಿಗೆಯಲ್ಲಿ ಓಡಿವೆ. ಈಗ ಪದೇ ಪದೇ ನಿಲ್ಲುತ್ತಿದ್ದರೆ ಬಹುತೇಕ ಸಲ ಯಾವುದೋ ನಿರ್ವಹಣೆ ತಪ್ಪಿದೆ ಎಂದೇ ಅರ್ಥ.

* ರೇಡಿಯೇಟರ್: ವರ್ಷಗಟ್ಟಲೆ ಬೋರ್‌ವೆಲ್ ನೀರು ಹಾಕಿದ ರೇಡಿಯೇಟರ್ ಒಳಗೆ ಸುಣ್ಣದ ಪದರ ಕಟ್ಟುತ್ತದೆ. ಬೇಸಿಗೆಗೆ ಮೊದಲೇ ಫ್ಲಶ್ ಮಾಡಿಸಿ, ಡಿಸ್ಟಿಲ್ಡ್ ವಾಟರ್ ಜೊತೆ ಕೂಲಂಟ್ ಹಾಕಿಸಿ. ಹೊರಗಿನ ಫಿನ್‌ಗಳಲ್ಲಿ ಸೇರಿದ ಧೂಳು, ಹುಳುಗಳನ್ನು ಹಿಂದಿನಿಂದ ಮುಂದಕ್ಕೆ ನೀರು ಹಾಯಿಸಿ ತೆಗೆಯಿರಿ.

* ರೇಡಿಯೇಟರ್ ಕ್ಯಾಪ್: ಇದು ಬರೀ ಮುಚ್ಚಳವಲ್ಲ. ವ್ಯವಸ್ಥೆಯಲ್ಲಿ ಒತ್ತಡ ಹಿಡಿದಿಟ್ಟು ನೀರಿನ ಕುದಿಬಿಂದು ಏರಿಸುತ್ತದೆ. ಸ್ಪ್ರಿಂಗ್ ಸಡಿಲಾಗಿದ್ದರೆ, ರಬ್ಬರ್ ಬಿರಿದಿದ್ದರೆ ಬದಲಿಸಿ.

* ಫ್ಯಾನ್ ಬೆಲ್ಟ್ ಮತ್ತು ಶ್ರೌಡ್: ಬೆಲ್ಟ್ ಸಡಿಲವಾದರೆ ಫ್ಯಾನ್ ಮತ್ತು ವಾಟರ್ ಪಂಪ್ ಎರಡೂ ನಿಧಾನವಾಗುತ್ತವೆ. ಫ್ಯಾನ್ ಸುತ್ತಲಿನ ಶ್ರೌಡ್ ಕಳಚಿಟ್ಟಿದ್ದರೆ ಮತ್ತೆ ಹಾಕಿಸಿ.

* ಥರ್ಮೋಸ್ಟಾಟ್: ಬೇಸಿಗೆಗೆಂದು ಇದನ್ನು ಕಿತ್ತೆಸೆಯುವುದು ಪರಿಹಾರವಲ್ಲ. ಕೆಟ್ಟಿದ್ದರೆ ಸರಿಯಾದ ಡಿಗ್ರಿಯದ್ದನ್ನೇ ಹಾಕಿಸಿ.

* ಇಗ್ನಿಷನ್ ಟೈಮಿಂಗ್: ಟೈಮಿಂಗ್ ಹಿಂದೆ ಸರಿದಿದ್ದರೆ ಉರಿ ಸಿಲಿಂಡರ್ ಬಿಟ್ಟು ಎಕ್ಸಾಸ್ಟ್‌ವರೆಗೂ ಮುಂದುವರಿಯುತ್ತದೆ, ಮ್ಯಾನಿಫೋಲ್ಡ್ ಕಾದು ಕೆಂಡವಾಗುತ್ತದೆ. ಟೈಮಿಂಗ್ ಲೈಟ್ ಇಟ್ಟು ಸೆಟ್ ಮಾಡಿಸಿ. ವ್ಯಾಕ್ಯೂಮ್ ಅಡ್ವಾನ್ಸ್ ಕೆಲಸ ಮಾಡುತ್ತಿದೆಯೇ ಎಂದೂ ನೋಡಿಸಿ.

ಪೆಟ್ರೋಲ್ ಪೈಪ್ ಮತ್ತು ಪಂಪ್ ತಪಾಸಣೆ

ಟ್ಯಾಂಕಿನಿಂದ ಪಂಪ್‌ವರೆಗಿನ ರಬ್ಬರ್ ಹೋಸ್‌ನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಪಂಪ್ ಪೆಟ್ರೋಲ್ ಬದಲು ಗಾಳಿ ಹೀರುತ್ತದೆ. ಹೀರುವ ಕಡೆಯಾದ್ದರಿಂದ ಅಲ್ಲಿ ಪೆಟ್ರೋಲ್ ಹೊರಗೆ ತೊಟ್ಟಿಕ್ಕುವುದಿಲ್ಲ, ಹಾಗಾಗಿ ಕಣ್ಣಿಗೆ ಬೀಳುವುದಿಲ್ಲ. ವೇಪರ್ ಲಾಕ್ ಎಂದು ಹೇಳಲಾಗುವ ಎಷ್ಟೋ ಪ್ರಕರಣಗಳಲ್ಲಿ ನಿಜವಾದ ದೋಷ ಇದೇ ಆಗಿರುತ್ತದೆ. ಹಳೇ ಹೋಸ್‌ಗಳನ್ನೆಲ್ಲ ಒಂದೇ ಸಲ ಬದಲಿಸಿ. ಎಥೆನಾಲ್ ತಡೆಯುವ, ಎಸ್‌ಎಇ ಜೆ30 ಆರ್9 ಗುರುತಿನ ಹೋಸ್ ಕೇಳಿ ಪಡೆಯಿರಿ. ಹೈದರಾಬಾದ್‌ನಲ್ಲಿ ರಾಣಿಗಂಜ್, ಬೆಂಗಳೂರಿನಲ್ಲಿ ಜೆ.ಸಿ. ರಸ್ತೆಯ ಬಿಡಿಭಾಗ ಅಂಗಡಿಗಳಲ್ಲಿ ವಿಚಾರಿಸಬಹುದು.

ಪೈಪ್ ಹಾದುಹೋಗುವ ದಾರಿ ಕೂಡ ಮುಖ್ಯ. ಎಂದೋ ರಿಪೇರಿ ಮಾಡಿದವರು ಪೈಪನ್ನು ಎಕ್ಸಾಸ್ಟ್ ಪಕ್ಕ ಅಥವಾ ಸಿಲಿಂಡರ್ ಹೆಡ್‌ಗೆ ತಾಗಿಸಿ ಬಿಟ್ಟಿರಬಹುದು. ಕಾರ್ಖಾನೆಯಲ್ಲಿ ಕೊಟ್ಟ ದಾರಿಗೇ ತಂದು ಕ್ಲಾಂಪ್ ಹಾಕಿಸಿ. ಎಕ್ಸಾಸ್ಟ್‌ನಿಂದ ಎಷ್ಟು ದೂರ ಸಾಧ್ಯವೋ ಅಷ್ಟು ದೂರವಿರಲಿ. ಅನಿವಾರ್ಯವಾಗಿ ಹತ್ತಿರ ಹೋಗುವ ಕಡೆ ಶಾಖ ತಡೆಯುವ ಸ್ಲೀವ್ ಹಾಕಿಸಿ. ಫಿಲ್ಟರ್ ಅನ್ನು ಬಾನೆಟ್ ಒಳಗಿನ ಬಿಸಿ ಜಾಗದಲ್ಲಿ ನೇತುಬಿಡಬೇಡಿ. ಅರ್ಧ ಕಟ್ಟಿದ ಫಿಲ್ಟರ್ ಇದ್ದರೆ ಪಂಪ್ ಇನ್ನಷ್ಟು ಜೋರಾಗಿ ಹೀರಬೇಕಾಗುತ್ತದೆ, ಒತ್ತಡ ಮತ್ತಷ್ಟು ಇಳಿಯುತ್ತದೆ, ಆವಿ ಇನ್ನೂ ಬೇಗ ಕಟ್ಟುತ್ತದೆ.

ಪಂಪಿನ ಡಯಾಫ್ರಾಮ್ ಹಳೆಯದಾಗಿದ್ದರೆ ರಿಪೇರಿ ಕಿಟ್ ಹಾಕಿಸಿ ಅಥವಾ ಪಂಪ್ ಬದಲಿಸಿ. ಡಯಾಫ್ರಾಮ್ ಹರಿದರೆ ಪೆಟ್ರೋಲ್ ಎಂಜಿನ್ ಆಯಿಲ್‌ಗೆ ಬೆರೆಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಪೆಟ್ರೋಲ್ ವಾಸನೆ ಬಂದರೆ ಕಾರು ಓಡಿಸಬೇಡಿ.

ಕಾರ್ಬ್ಯುರೇಟರ್‌ಗೆ ಬಿಸಿ ತಾಗದಂತೆ ಏನು ಮಾಡಬಹುದು?

ಮೊದಲನೆಯದು ಇನ್ಸುಲೇಟರ್ ಸ್ಪೇಸರ್. ಕಾರ್ಬ್ಯುರೇಟರ್ ಮತ್ತು ಮ್ಯಾನಿಫೋಲ್ಡ್ ನಡುವೆ ಕೂರುವ ಬೇಕಲೈಟ್‌ನಂಥ ದಪ್ಪ ತುಂಡು ಇದು. ಲೋಹದಿಂದ ಲೋಹಕ್ಕೆ ಶಾಖ ಹರಿಯುವುದನ್ನು ತಡೆಯುತ್ತದೆ. ಹಲವು ಕಾರುಗಳಿಗೆ ಕಾರ್ಖಾನೆಯಿಂದಲೇ ಬಂದಿರುತ್ತದೆ. ರಿಪೇರಿ ಮಾಡುವಾಗ ಬಿರುಕು ಬಿಟ್ಟಿತೆಂದು ತೆಗೆದು, ಬರೀ ಗ್ಯಾಸ್ಕೆಟ್ ಹಾಕಿ ಕೂರಿಸಿರುತ್ತಾರೆ. ಮೊದಲು ಅದು ಇದೆಯೇ ನೋಡಿಸಿ. ಹೊಸದು ಹಾಕುವಾಗ ಎರಡೂ ಬದಿ ಗ್ಯಾಸ್ಕೆಟ್ ಇರಬೇಕು. ಕಾರ್ಬ್ಯುರೇಟರ್ ಎತ್ತರವಾದಾಗ ಏರ್ ಕ್ಲೀನರ್ ಬಾನೆಟ್‌ಗೆ ತಾಗದಂತೆ, ಆಕ್ಸಿಲರೇಟರ್ ಕೊಂಡಿ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಬೇಕು.

ಪಂಪ್ ಮತ್ತು ಎಂಜಿನ್ ಬ್ಲಾಕ್ ನಡುವೆಯೂ ಇಂಥದ್ದೇ ತುಂಡು ಇರುತ್ತದೆ. ಇಲ್ಲಿ ಮಾತ್ರ ದಪ್ಪ ಹೆಚ್ಚಿಸಬಾರದು. ಹೆಚ್ಚಿಸಿದರೆ ಪಂಪಿನ ತೋಳು ಕ್ಯಾಮ್‌ಗೆ ಸರಿಯಾಗಿ ತಾಗದೆ ಪೆಟ್ರೋಲ್ ಎತ್ತುವುದೇ ಕಡಿಮೆಯಾಗುತ್ತದೆ.

ಎರಡನೆಯದು ಹೀಟ್ ಶೀಲ್ಡ್. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮತ್ತು ಕಾರ್ಬ್ಯುರೇಟರ್ ನಡುವೆ ಅಲ್ಯುಮಿನಿಯಂ ಹಾಳೆ ಕೂರಿಸಿದರೆ ನೇರವಾಗಿ ಬರುವ ಕಾವು ತಡೆಯುತ್ತದೆ. ಹಾಳೆಯ ಎರಡೂ ಬದಿ ಗಾಳಿಯಾಡಲು ಜಾಗವಿರಬೇಕು. ಮೂರನೆಯದು ಫ್ಲೋಟ್ ಮಟ್ಟ. ಮಟ್ಟ ಹೆಚ್ಚಿದ್ದರೆ ಸ್ವಲ್ಪ ಕುದಿದರೂ ಪೆಟ್ರೋಲ್ ಉಕ್ಕುತ್ತದೆ. ನೀಡಲ್ ವಾಲ್ವ್ ಸವೆದಿದ್ದರೂ ಹಾಗೆಯೇ. ಕಾರ್ಬ್ಯುರೇಟರ್ ಸರ್ವಿಸ್ ಮಾಡಿಸುವಾಗ ಇವೆರಡನ್ನೂ ಹೇಳಿ ಮಾಡಿಸಿ.

ಎಲೆಕ್ಟ್ರಿಕ್ ಪಂಪ್ ಹಾಕಿಸಬಹುದೇ?

ಮೇಲಿನದೆಲ್ಲ ಮಾಡಿಯೂ ತೊಂದರೆ ನಿಲ್ಲದಿದ್ದರೆ ಇದು ಮುಂದಿನ ಹೆಜ್ಜೆ. ಟ್ಯಾಂಕಿನ ಹತ್ತಿರ, ಆದಷ್ಟು ತಗ್ಗಿನಲ್ಲಿ ಎಲೆಕ್ಟ್ರಿಕ್ ಪಂಪ್ ಕೂರಿಸಿದರೆ ಅದು ಹೀರುವ ಬದಲು ತಳ್ಳುತ್ತದೆ. ಉದ್ದದ ಪೈಪಿನಲ್ಲಿ ಒತ್ತಡ ಇಳಿಯುವ ಬದಲು ಏರುತ್ತದೆ.

ಇಲ್ಲಿ ಎರಡು ಎಚ್ಚರಿಕೆಗಳಿವೆ. ಒಂದು, ಕಾರ್ಬ್ಯುರೇಟರ್‌ಗೆ ಹೊಂದುವ ಕಡಿಮೆ ಒತ್ತಡದ ಪಂಪ್ ಮಾತ್ರ ಬಳಸಬೇಕು. ಸಾಮಾನ್ಯವಾಗಿ 2ರಿಂದ 3.5 ಪಿಎಸ್‌ಐ ಸಾಕು. ಇಂಜೆಕ್ಷನ್ ಕಾರಿನ ಪಂಪ್ ತಂದು ಹಾಕಿದರೆ 40 ಪಿಎಸ್‌ಐಗೂ ಹೆಚ್ಚು ಒತ್ತಡಕ್ಕೆ ನೀಡಲ್ ವಾಲ್ವ್ ತಡೆಯದೆ ಪೆಟ್ರೋಲ್ ಬಿಸಿ ಎಂಜಿನ್ ಮೇಲೆಯೇ ಉಕ್ಕುತ್ತದೆ. ಎರಡು, ಎಂಜಿನ್ ನಿಂತಾಗ ಅಥವಾ ಅಪಘಾತವಾದಾಗ ಪಂಪ್ ತಾನಾಗಿಯೇ ನಿಲ್ಲುವ ಸ್ವಿಚ್, ಜೊತೆಗೆ ರಿಲೇ ಮತ್ತು ಫ್ಯೂಸ್ ಇರಲೇಬೇಕು. ಇಲ್ಲದಿದ್ದರೆ ಕಾರು ಡಿಕ್ಕಿಯಾಗಿ ಪೈಪ್ ತುಂಡಾದರೂ ಪಂಪ್ ಪೆಟ್ರೋಲ್ ಸುರಿಸುತ್ತಲೇ ಇರುತ್ತದೆ.

ಇನ್ನೊಂದು ದಾರಿ ರಿಟರ್ನ್ ಲೈನ್. ಮಾರುತಿ 800ರಂಥ ಕಾರುಗಳ ಪಂಪ್‌ನಲ್ಲಿ ಮೂರನೇ ನಳಿಕೆ ಇರುತ್ತದೆ. ಹೆಚ್ಚಾದ ಪೆಟ್ರೋಲ್ ಮತ್ತು ಗುಳ್ಳೆಗಳು ಅದರ ಮೂಲಕ ಟ್ಯಾಂಕಿಗೆ ವಾಪಸ್ ಹೋಗುತ್ತವೆ. ಪೆಟ್ರೋಲ್ ಸದಾ ಹರಿಯುತ್ತಿರುವುದರಿಂದ ಪಂಪ್ ಕೂಡ ತಂಪಾಗಿರುತ್ತದೆ. ನಿಮ್ಮ ಕಾರಿನಲ್ಲಿ ಈ ನಳಿಕೆಯನ್ನು ಯಾರಾದರೂ ಬೋಲ್ಟ್ ತುರುಕಿ ಮುಚ್ಚಿದ್ದಾರೆಯೇ ಎಂದು ನೋಡಿಸಿ. ಈ ವ್ಯವಸ್ಥೆ ಇಲ್ಲದ ಕಾರಿಗೂ ಸಣ್ಣ ರಂಧ್ರದ ರಿಟರ್ನ್ ಲೈನ್ ಮಾಡಿಸಬಹುದು, ಆದರೆ ಅದು ಅನುಭವಿ ಮೆಕ್ಯಾನಿಕ್ ಮಾಡಬೇಕಾದ ಕೆಲಸ.

ಇ20 ಪೆಟ್ರೋಲ್‌ನಿಂದ ತೊಂದರೆ ಹೆಚ್ಚೇ?

ಶೇ.20 ಎಥೆನಾಲ್ ಬೆರೆತ ಇ20 ಪೆಟ್ರೋಲ್ ಮಾರಾಟಕ್ಕೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ನಡೆದ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಚಾಲನೆ ನೀಡಿದ್ದರು. ಈಗ ಬಂಕ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು ಇದೇ.

ಎಥೆನಾಲ್ ಒಂದೇ ಇದ್ದರೆ 78 ಡಿಗ್ರಿಗೆ ಕುದಿಯುತ್ತದೆ, ಅಷ್ಟು ಸುಲಭವಾಗಿ ಆವಿಯಾಗುವುದಿಲ್ಲ. ಆದರೆ ಪೆಟ್ರೋಲ್ ಜೊತೆ ಬೆರೆತಾಗ ಮಿಶ್ರಣದ ಆವಿಯ ಒತ್ತಡ ಮೂಲ ಪೆಟ್ರೋಲ್‌ಗಿಂತ ಹೆಚ್ಚಾಗುತ್ತದೆ. ಶೇ.10ರ ಆಸುಪಾಸಿನಲ್ಲಿ ಇದು ಅತಿ ಹೆಚ್ಚು, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಭಾರತೀಯ ಮಾನಕ ಬ್ಯೂರೋ ಪೆಟ್ರೋಲ್‌ಗೆ ಆವಿಯ ಒತ್ತಡದ ಮಿತಿ ಮತ್ತು 'ವೇಪರ್ ಲಾಕ್ ಇಂಡೆಕ್ಸ್' ನಿಗದಿ ಮಾಡಿದೆ. ಬೇಸಿಗೆಗೆ ಒಂದು ಮಿತಿ, ಉಳಿದ ತಿಂಗಳುಗಳಿಗೆ ಇನ್ನೊಂದು.

ಹಳೇ ಕಾರಿಗೆ ಇನ್ನೆರಡು ತೊಂದರೆಗಳಿವೆ. ಎಥೆನಾಲ್ ಹಳೇ ಬಗೆಯ ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ. ಜೊತೆಗೆ ಅದು ಉರಿಯಲು ಪೆಟ್ರೋಲ್‌ಗಿಂತ ಕಡಿಮೆ ಗಾಳಿ ಸಾಕು. ಇಂಜೆಕ್ಷನ್ ಕಾರಿನ ಕಂಪ್ಯೂಟರ್ ಇದನ್ನು ತಾನೇ ಸರಿದೂಗಿಸುತ್ತದೆ, ಕಾರ್ಬ್ಯುರೇಟರ್‌ನ ಜೆಟ್‌ಗೆ ಆ ಬುದ್ಧಿ ಇಲ್ಲ. ಪರಿಣಾಮವಾಗಿ ಮಿಶ್ರಣ ಬಡವಾಗಿ ಎಂಜಿನ್ ಹೆಚ್ಚು ಬಿಸಿಯಾಗಬಹುದು. ಸ್ಪಾರ್ಕ್ ಪ್ಲಗ್ ತುದಿ ತೀರಾ ಬಿಳಿಯಾಗಿದ್ದರೆ ಮೇನ್ ಜೆಟ್ ಒಂದು ಸೈಜ್ ಹೆಚ್ಚಿಸುವ ಬಗ್ಗೆ ಕಾರ್ಬ್ಯುರೇಟರ್ ತಜ್ಞರನ್ನು ಕೇಳಿ.

ದೂರ ಪ್ರಯಾಣಕ್ಕೆ ಹೊರಡುವವರಿಗೆ ಟಿಪ್ಸ್

* ಬೆಳಗಿನ ಜಾವ 5ರ ಹೊತ್ತಿಗೆ ಹೊರಡಿ. ಹೈದರಾಬಾದ್‌ನಿಂದ ರಾಷ್ಟ್ರೀಯ ಹೆದ್ದಾರಿ 65ರಲ್ಲಿ ಹೊರಟವರು ಬಿಸಿಲೇರುವ ಮೊದಲೇ ಬೀದರ್ ತಲುಪಬಹುದು.
* ಟ್ಯಾಂಕ್ ಕಾಲು ಭಾಗಕ್ಕಿಂತ ಕೆಳಗಿಳಿಯದಿರಲಿ. ಪೆಟ್ರೋಲ್ ಹೆಚ್ಚಿದ್ದಷ್ಟೂ ನಿಧಾನವಾಗಿ ಬಿಸಿಯಾಗುತ್ತದೆ. ಹಾಗೆಂದು ಬಾಯಿಮಟ್ಟ ತುಂಬಿಸಬೇಡಿ, ಹಿಗ್ಗಲು ಜಾಗವಿರಲಿ.
* ಟ್ರಾಫಿಕ್‌ನಲ್ಲಿ ಮೀಟರ್ ಏರತೊಡಗಿದರೆ ಎಸಿ ಆಫ್ ಮಾಡಿ. ನ್ಯೂಟ್ರಲ್‌ನಲ್ಲಿ ಸ್ವಲ್ಪ ಆಕ್ಸಿಲರೇಟರ್ ಕೊಟ್ಟರೆ ಬೆಲ್ಟ್ ಫ್ಯಾನ್ ವೇಗವಾಗಿ ತಿರುಗುತ್ತದೆ, ಪಂಪ್ ಕೂಡ ಹೆಚ್ಚು ಪೆಟ್ರೋಲ್ ತರುತ್ತದೆ.
* ಏರುದಾರಿ ಮುಗಿದ ಕೂಡಲೇ ಎಂಜಿನ್ ಆಫ್ ಮಾಡಬೇಡಿ. ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ನಿಲ್ಲಿಸಿ. ನೆರಳಿನಲ್ಲಿ ನಿಲ್ಲಿಸಿ ಬಾನೆಟ್ ತೆರೆದಿಡಿ.
* 1 ಕೆ.ಜಿ. ಡ್ರೈ ಪೌಡರ್ ಅಗ್ನಿಶಾಮಕ ಕೈಗೆಟುಕುವಂತೆ ಇರಲಿ. ಡಿಕ್ಕಿಯಲ್ಲಿ ಸಾಮಾನಿನಡಿ ಇಟ್ಟರೆ ಪ್ರಯೋಜನವಿಲ್ಲ. 2 ಲೀಟರ್ ನೀರು, ಹತ್ತಿ ಬಟ್ಟೆ, ಒಂದು ಬಿಡಿ ಫ್ಯಾನ್ ಬೆಲ್ಟ್ ಜೊತೆಗಿರಲಿ.

ಪದೇ ಪದೇ ಕೇಳುವ ಪ್ರಶ್ನೆಗಳು

ಹೆಚ್ಚು ಆಕ್ಟೇನ್ ಪೆಟ್ರೋಲ್ ಹಾಕಿಸಿದರೆ ವೇಪರ್ ಲಾಕ್ ನಿಲ್ಲುತ್ತದೆಯೇ?
ಇಲ್ಲ. ಆಕ್ಟೇನ್ ಎಂಬುದು ನಾಕಿಂಗ್ ತಡೆಯುವ ಗುಣದ ಅಳತೆ. ಎಷ್ಟು ಬೇಗ ಆವಿಯಾಗುತ್ತದೆ ಎಂಬುದಕ್ಕೂ ಅದಕ್ಕೂ ನೇರ ಸಂಬಂಧವಿಲ್ಲ.

ಪೈಪಿಗೆ ಮರದ ಬಟ್ಟೆ ಕ್ಲಿಪ್ ಹಾಕಿದರೆ ಸರಿಹೋಗುತ್ತದೆಯಂತೆ, ನಿಜವೇ?
ವಿದೇಶಗಳಲ್ಲೂ ಇರುವ ಹಳೇ ನಂಬಿಕೆ ಇದು. ಮರ ಶಾಖವನ್ನು ಎಳೆದುಕೊಂಡು ಹೊರಹಾಕುವ ವಸ್ತುವಲ್ಲ. ಪೈಪ್ ಎಕ್ಸಾಸ್ಟ್‌ನಿಂದ ದೂರವಿರುವುದೇ ನಿಜವಾದ ಉಪಾಯ.

ಬೆಳಿಗ್ಗೆ ಪೆಟ್ರೋಲ್ ಹಾಕಿಸಿದರೆ ಒಳ್ಳೆಯದೇ?
ಬಂಕ್‌ನ ಟ್ಯಾಂಕ್‌ಗಳು ನೆಲದಡಿ ಇರುವುದರಿಂದ ದಿನದಲ್ಲಿ ಪೆಟ್ರೋಲ್ ತಾಪಮಾನ ಹೆಚ್ಚೇನೂ ಬದಲಾಗುವುದಿಲ್ಲ. ತಿಂಗಳುಗಟ್ಟಲೆ ಹಳೆಯದಾದ ಪೆಟ್ರೋಲ್ ಟ್ಯಾಂಕಿನಲ್ಲಿ ಇಟ್ಟುಕೊಳ್ಳದಿರುವುದು ಮುಖ್ಯ.

ವಿಂಟೇಜ್ ಕಾರಿಗೆ ಎಲೆಕ್ಟ್ರಿಕ್ ಪಂಪ್ ಹಾಕಿಸಿದರೆ ನೋಂದಣಿಗೆ ತೊಂದರೆಯಾಗುತ್ತದೆಯೇ?
ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2021ರ ಜುಲೈನಲ್ಲಿ ಹೊರಡಿಸಿದ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ವಾಹನಗಳಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ಚಾಸಿ, ಬಾಡಿ, ಎಂಜಿನ್‌ನಲ್ಲಿ ಗಣನೀಯ ಬದಲಾವಣೆ ಆಗಿರಬಾರದು. ಹಾಗಾಗಿ ಮೂಲ ಪಂಪ್ ತೆಗೆದು ಎಸೆಯದೆ, ಬೇಕೆಂದಾಗ ಮೊದಲಿನಂತೆ ಮಾಡಬಹುದಾದ ರೀತಿಯಲ್ಲೇ ಕೆಲಸ ಮಾಡಿಸಿ. ಕೆಲಸಕ್ಕೆ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು ಒಳಿತು.

ಎಲ್ಲಿಂದ ಶುರು ಮಾಡಬೇಕು?

ಎಲ್ಲವನ್ನೂ ಒಂದೇ ದಿನ ಮಾಡಿಸಬೇಕಿಲ್ಲ. ಮೊದಲು ಟ್ಯಾಂಕ್ ಮುಚ್ಚಳದ ರಂಧ್ರ, ಫಿಲ್ಟರ್, ರಬ್ಬರ್ ಹೋಸ್ ನೋಡಿಸಿ. ನಂತರ ರೇಡಿಯೇಟರ್, ಕ್ಯಾಪ್, ಬೆಲ್ಟ್ ಮತ್ತು ಟೈಮಿಂಗ್. ಆಮೇಲೆ ಪೈಪಿನ ದಾರಿ, ಸ್ಪೇಸರ್, ಹೀಟ್ ಶೀಲ್ಡ್. ಎಲೆಕ್ಟ್ರಿಕ್ ಪಂಪ್ ಕೊನೆಗೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿಸಿ, ಬಿಸಿಲಿನಲ್ಲಿ ಓಡಿಸಿ ನೋಡಿ. ಆಗ ಯಾವುದರಿಂದ ಸರಿಹೋಯಿತು ಎಂಬುದು ನಿಮಗೂ ತಿಳಿಯುತ್ತದೆ, ಮೆಕ್ಯಾನಿಕ್‌ಗೂ ತಿಳಿಯುತ್ತದೆ. ಕಾರಿನೊಳಗೆ ಪೆಟ್ರೋಲ್ ವಾಸನೆ ಬಂದರೆ ಮಾತ್ರ ಯಾವುದಕ್ಕೂ ಕಾಯಬೇಡಿ. ಕಾರು ನಿಲ್ಲಿಸಿ, ಎಲ್ಲರನ್ನೂ ಇಳಿಸಿ, ಸೋರಿಕೆ ಪತ್ತೆಯಾಗುವವರೆಗೆ ಕೀ ತಿರುಗಿಸಬೇಡಿ.